ಇಲ್ಲದ ಸಾಲನ್ನು ಓದಿದವಳು

ಮೊದಲಿಗೆ ಒಂದು ಕ್ಷಮೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಬರೆಯಲು ಕುಳಿತರೆ ವಾಕ್ಯ ಸರಿಯಾಗಿದೆಯೇ ಎಂಬ ಅಂಜಿಕೆ ಇಂದಿಗೂ ಬಿಟ್ಟಿಲ್ಲ. ಹೇಳುವ ಕ್ರಮದಲ್ಲಿ ಕೊರತೆ ಕಂಡರೆ ಓದುಗರು ಮನ್ನಿಸಬೇಕು. ಹೇಳಬೇಕಾದ ಸಂಗತಿಯಲ್ಲಿ ಮಾತ್ರ ಕೊರತೆ ಉಳಿಯಬಾರದೆಂದು ಅದನ್ನು ಮೊದಲೇ ಹೇಳಿಬಿಡುತ್ತೇನೆ — ಅಕ್ಷರ ಓದಲು ಬಾರದ ನನ್ನ ತಂದೆಗೆ, ಪರದೆಯ ಮೇಲೆ ಇಲ್ಲದ ಒಂದು ಸಾಲನ್ನು ಇದೆ ಎಂದು ಓದಿ ಹೇಳಿದವಳು ನಾನು. ಆ ಸಾಲನ್ನು ಅಲ್ಲಿಂದ ತೆಗೆದವಳೂ ನಾನೇ.

ನನ್ನ ತಂದೆ ಇಸಾಕ ಗೋಕಾಕದಲ್ಲಿ ಗ್ಯಾರೇಜು ನಡೆಸುವ ಮಿಸ್ತ್ರಿ. ನಾನು ಐದನೆಯ ತರಗತಿಯಲ್ಲಿದ್ದಾಗ ಅವರು ಹುಕ್ಕೇರಿಯ ಅಜಿತ ಸಾವಕಾರರ ಜೊತೆ ಕಾರ್ ರ್‍ಯಾಲಿಗಳಿಗೆ ಹೋಗುತ್ತಿದ್ದರು. ಸಾವಕಾರರದು ಜೈನ ವರ್ತಕ ಮನೆತನ. ಕಾರು ಅವರದು, ಓಡಿಸುವವರೂ ಅವರೇ. ಅಬ್ಬಾ ಪಕ್ಕದಲ್ಲಿ ಕುಳಿತು ಮುಂದಿನ ತಿರುವನ್ನು ಕೂಗಿ ಹೇಳುವ ಸಹಚಾಲಕ. ಸ್ಪರ್ಧೆಯ ಹಿಂದಿನ ದಿನ ದಾರಿಯನ್ನು ಒಮ್ಮೆ ನಿಧಾನವಾಗಿ ಸುತ್ತಿ, ತಿರುವುಗಳನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಬೇರೆಯವರು ಅಂಕಿ, ಅಕ್ಷರಗಳಲ್ಲಿ ಬರೆದುಕೊಂಡರೆ ಅಬ್ಬಾ ಚಿತ್ರ ಬಿಡಿಸುತ್ತಿದ್ದರು. ಅರ್ಧ ತಿರುವಿಗೆ ಕುಡಗೋಲು, ಪೂರ್ತಿ ಸುತ್ತಿ ಬರುವ ತಿರುವಿಗೆ ಬಳೆ, ತಗ್ಗಿಗೆ ಗಡಿಗೆ, ಏರಿಗೆ ಏಣಿ. “ಎಡಕ್ಕ ಕುಡಗೋಲ, ಮುಂದ ಗಡಗಿ” ಎಂದು ಅವರು ಕೂಗಿದರೆ ಸಾವಕಾರರು ಧೂಳಿನಲ್ಲಿ ದಾರಿ ಕಾಣದಿದ್ದರೂ ಚಕ್ರ ತಿರುಗಿಸುತ್ತಿದ್ದರಂತೆ. ಆ ಕೆಲಸದಲ್ಲಿ ಕಣ್ಣಿಗಿಂತ ಪಕ್ಕದವನ ಧ್ವನಿಯನ್ನು ನಂಬಬೇಕು — ಇದನ್ನು ನಾನು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಹಾಗಿದ್ದೂ...

ಒಂದು ವರ್ಷ ಅವರಿಬ್ಬರೂ ರಾಜ್ಯಮಟ್ಟದ ರ್‍ಯಾಲಿ ಗೆದ್ದರು. ಅಬ್ಬಾಗೆ ಉತ್ತಮ ಸಹಚಾಲಕ ಎಂಬ ಪ್ರತ್ಯೇಕ ಪ್ರಶಸ್ತಿಯೂ ಬಂತು. ಪತ್ರಿಕೆಯಲ್ಲಿ ಇಬ್ಬರ ಹೆಸರೂ ಅಚ್ಚಾಯಿತು. ಆ ತುಣುಕನ್ನು ಅಬ್ಬಾ ಎಷ್ಟೋ ವರ್ಷ ಒಂದು ಪುಸ್ತಕದ ನಡುವೆ ಇಟ್ಟುಕೊಂಡಿದ್ದರು. ನನ್ನ ಪದವಿ ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ ದಿನ, ಅದೇ ಅಂಗಡಿಯಲ್ಲಿ ಅದಕ್ಕೂ ಮಾಡಿಸಿದರು. ಎರಡನ್ನೂ ನನ್ನ ಫೈಲಿನಲ್ಲೇ ಇರಿಸಿದರು. ಕಾಗದಪತ್ರ ಜೋಪಾನ ಮಾಡಬಲ್ಲವಳು ಮನೆಯಲ್ಲಿ ನಾನೊಬ್ಬಳೇ ಎಂಬುದು ಅವರ ನಂಬಿಕೆ.

ನಾನೀಗ ಮೂಡಲಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬಿಡುವಿನಲ್ಲಿ ಅಂತರ್ಜಾಲದ ಮುಕ್ತ ವಿಶ್ವಕೋಶವೊಂದಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ಆಧಾರ ಕೊಡಬೇಕು, ಬರೆಯುವ ವ್ಯಕ್ತಿಯ ಜೊತೆ ಸಂಬಂಧವಿದ್ದರೆ ಅದನ್ನು ಚರ್ಚಾಪುಟದಲ್ಲಿ ಮೊದಲೇ ತಿಳಿಸಬೇಕು. ಅಲ್ಲಿ ನನ್ನನ್ನು ಯಾರೂ ಮಿಸ್ತ್ರಿಯ ಮಗಳೆಂದು ಅರಿತಿರಲಿಲ್ಲ. ದೊಡ್ಡ ಊರುಗಳ ವಿದ್ವಾಂಸರು ನನ್ನನ್ನು ನಿಷ್ಪಕ್ಷಪಾತಿ ಎಂದು ಹೊಗಳುತ್ತಿದ್ದರು. ಆ ಒಂದು ಪದಕ್ಕೆ ನಾನು ಎಷ್ಟು ಹಸಿದಿದ್ದೆ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಜಿತ ಸಾವಕಾರರ ಬಗ್ಗೆ ಅಲ್ಲೊಂದು ಲೇಖನವಿತ್ತು. ಅವರ ಸೋದರಳಿಯ ಅದರ ಕೋಷ್ಟಕದಲ್ಲಿ ಸಿಕ್ಕಿದ್ದನ್ನೆಲ್ಲ ತುಂಬಿದ್ದ — ರ್‍ಯಾಲಿಗಳ ಜೊತೆಗೆ ಅಬ್ಬಾ ಹೆಸರು, ಅವರ ಸಹಚಾಲಕ ಪ್ರಶಸ್ತಿ, ಯುವಕ ಮಂಡಳದವರು ಕೊಟ್ಟ ಢಾಲು, ಅಂಕಲಗಿಯಲ್ಲಿ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯ ಮೂರನೆಯ ಬಹುಮಾನ ಕೂಡ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಚರ್ಚೆಯನ್ನು ನಾನೇ ಆರಂಭಿಸಿದೆ. ರಾಜ್ಯಮಟ್ಟಕ್ಕಿಂತ ಕೆಳಗಿನ ಫಲಿತಾಂಶ ಬೇಡ, ಮೋಟಾರು ಕ್ರೀಡೆಯ ಸಂಸ್ಥೆ ಕೊಡದ ಪ್ರಶಸ್ತಿ ಬೇಡ, ಅಚ್ಚಾದ ಆಧಾರವಿಲ್ಲದ್ದು ಏನೂ ಬೇಡ ಎಂದು ಬರೆದೆ. ಎಲ್ಲರೂ ಒಪ್ಪಿದರು. ಇಲ್ಲಿಯವರೆಗೆ ನಾನು ತಪ್ಪು ಮಾಡಿರಲಿಲ್ಲ ಎಂದೇ ಈಗಲೂ ನಂಬಿದ್ದೇನೆ.

ಆಮೇಲೆ ಒಬ್ಬ ಹಿರಿಯ ಸಂಪಾದಕರು ಕೇಳಿದರು — ಉತ್ತಮ ಸಹಚಾಲಕ ಪ್ರಶಸ್ತಿ ಚಾಲಕರ ಲೇಖನದಲ್ಲಿ ಏಕೆ? ಆ ಸಹಚಾಲಕರ ಹೆಸರಿಗಾದರೂ ಆಧಾರವಿದೆಯೇ?

ಮೊದಲ ಪ್ರಶ್ನೆ ನ್ಯಾಯವಾದದ್ದು. ಅದು ಇನ್ನೊಬ್ಬರ ಪ್ರಶಸ್ತಿ, ಬಿಡಬಹುದಾಗಿತ್ತು. ಆದರೆ ಎರಡನೆಯದು... ಒಂದು ಕಾರಿನಲ್ಲಿ ಇಬ್ಬರು ಕುಳಿತು ಗೆದ್ದಾಗ, ಗೆಲುವಿನ ಸಾಲಿನಲ್ಲಿ ಒಬ್ಬರೇ ಹೇಗೆ ಉಳಿಯುತ್ತಾರೆ? ಆಧಾರ ನನ್ನ ಮೇಜಿನ ಖಾನೆಯಲ್ಲಿ, ನನ್ನ ಪದವಿ ಪತ್ರದ ಕೆಳಗೇ ಇತ್ತು. ನಾನು ಅವರ ಮಗಳು ಎಂದು ಒಂದು ಸಾಲು ಬರೆದು, ತುಣುಕಿನ ಚಿತ್ರ ಹಾಕಿದ್ದರೆ ಮುಗಿಯುತ್ತಿತ್ತು. ನಿಯಮ ಅದಕ್ಕೆ ಅಡ್ಡಿಯಾಗಿರಲಿಲ್ಲ. ಅದೇ ವಾರ ನನ್ನನ್ನು ವಿಶ್ವಕೋಶದ ನಿರ್ವಾಹಕಿಯಾಗಿ ಆರಿಸುವ ಮತದಾನ ನಡೆದಿತ್ತು. ಮಗಳು ತಂದೆಯ ಹೆಸರು ತುರುಕುತ್ತಿದ್ದಾಳೆ ಎಂದು ಯಾರಾದರೂ ಅಂದರೆ — ಅದಕ್ಕಿಂತ ಹೆಚ್ಚಾಗಿ, ಮಿಸ್ತ್ರಿಯ ಮಗಳೇ ಎಂದು ಯಾರಾದರೂ ಅಂದರೆ...

“ಆಧಾರ ದೊರೆತಿಲ್ಲ. ತೆಗೆಯಬಹುದು” ಎಂದು ಬರೆದೆ. ಪ್ರಶಸ್ತಿಯನ್ನೂ ಅಬ್ಬಾ ಹೆಸರನ್ನೂ ನಾನೇ ತೆಗೆದೆ. ಬರೆದದ್ದು ಮೂರೇ ಪದಗಳು. ನಿರ್ವಾಹಕಿಯೂ ಆದೆ.

ಕೆಲವು ದಿನಗಳ ನಂತರ, ಒಂದು ಭಾನುವಾರ ಮಧ್ಯಾಹ್ನ ನಾನು ಗ್ಯಾರೇಜಿಗೆ ಬುತ್ತಿ ಒಯ್ದಿದ್ದೆ. ಸಾವಕಾರರು ಫೋನ್ ಮಾಡಿ, ನಮ್ಮ ರ್‍ಯಾಲಿಯದೆಲ್ಲ ನೆಟ್ಟಿನಲ್ಲಿ ಬಂದಿದೆಯಂತೆ ಎಂದು ಹೇಳಿದ್ದರಂತೆ. ಅಬ್ಬಾ ಎಣ್ಣೆಗೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿಕೊಂಡು, ಪಕ್ಕದಲ್ಲಿ ಬಂದು ಕುಳಿತರು.

“ನಂದ ಹೆಸರ ಐತೇನ ಬೇಟಾ?”

ಐತಿ ಎಂದೆ. ಓದು ಎಂದರು. ನಾನು ಫೋನಿನ ಪರದೆ ನೋಡುತ್ತ, ಅಲ್ಲಿ ಇಲ್ಲದ್ದನ್ನು ಓದಿದೆ — “ಈ ಸ್ಪರ್ಧೆಯಲ್ಲಿ ಗೋಕಾಕದ ಇಸಾಕ ಅವರು ಸಹಚಾಲಕರಾಗಿದ್ದು, ಉತ್ತಮ ಸಹಚಾಲಕ ಪ್ರಶಸ್ತಿಗೂ ಪಾತ್ರರಾದರು.” ಅವರು ಇನ್ನೊಮ್ಮೆ ಓದಿಸಿದರು. ಎರಡನೆಯ ಸಲ ಪದ ಬದಲಾಗದಂತೆ ನೆನಪಿಟ್ಟು ಓದಿದೆ. ಅಬ್ಬಾ ನಕ್ಕರು. “ಒಂದ ಅಕ್ಷರ ಹೆಚ್ಚುಕಮ್ಮಿ ಆಗಲಿಲ್ಲ ನೋಡ. ದಾರಿ ಹೇಳಾವ್ರು ಹಿಂಗ ಓದಬೇಕ” ಎಂದರು.

ಆ ಹೊಗಳಿಕೆ ಇನ್ನೂ ನನ್ನ ಕಿವಿಯಲ್ಲಿದೆ. ಇರಲಿ.

ಮೋಟಾರು ಪ್ರಿಯರ ಬಳಗವೊಂದು ಹತ್ತರಗಿಯ ಮಂಗಲ ಕಾರ್ಯಾಲಯದಲ್ಲಿ ಸಾವಕಾರರಿಗೆ ಸತ್ಕಾರ ಇಟ್ಟುಕೊಂಡಿತು. ಸಾವಕಾರರು ತಾವೇ ಕಾರು ಕಳಿಸಿ ನಮ್ಮನ್ನು ಕರೆಸಿದರು. ಅಬ್ಬಾ ಬಿಳಿ ಅಂಗಿ ತೊಟ್ಟು, ಅಂಕಲಗಿಯಿಂದ ಬಾಷಾ ಮಾಮಾ, ಅಂದರೆ ನನ್ನ ತಾಯಿಯ ತಮ್ಮನನ್ನೂ ಕರೆದುಕೊಂಡು ಬಂದರು. ಅಲ್ಲಿ ಹಂಚಿದ ಸ್ಮರಣ ಸಂಚಿಕೆಯಲ್ಲಿ ಸಾವಕಾರರ ಫಲಿತಾಂಶಗಳ ಕೋಷ್ಟಕವನ್ನು ವಿಶ್ವಕೋಶದಿಂದ ಇದ್ದ ಹಾಗೆಯೇ ಎತ್ತಿ ಅಚ್ಚು ಹಾಕಿದ್ದರು. ಕೋಷ್ಟಕದ ಪುಟ ನೋಡಿದೊಡನೆ, ಅಬ್ಬಾ ಹೆಸರು ಇದರಲ್ಲೂ ಇಲ್ಲವೆಂದು ನನಗೆ ತಿಳಿಯಿತು. ಎದ್ದು ಹೇಳಬಹುದಾಗಿತ್ತು. ಕುಳಿತೇ ಇದ್ದೆ.

ಮಾಮಾ ಹಾಳೆ ತಿರುವಿ, ಎರಡು ಸಲ ಬೆರಳಾಡಿಸಿ ನೋಡಿ, ಭಾವನನ್ನು ಕೆಣಕಿದರು. “ಭಾವಾ, ಆ ಗಾಡ್ಯಾಗ ನೀವ ಎಲ್ಲಿ ಕುಂತಿದ್ರಿ? ಡಿಕ್ಕ್ಯಾಗೇನು?” ಹಿಂದಿನ ಸಾಲಿನವರು ನಕ್ಕರು. ಅಬ್ಬಾ ನಗಲಿಲ್ಲ. ಸಂಚಿಕೆಯನ್ನು ಮಡಚಿ ಹಿಡಿದು, ಸಾವಕಾರರು ವೇದಿಕೆಯಿಂದ ಇಳಿಯುವವರೆಗೆ ಕಾದು, ಎದುರಿಗೆ ಹೋಗಿ ನಿಂತರು.

“ಸಾವಕಾರ್ರ, ನನ್ನ ಹೆಸರ ಯಾಕ ತಗಸಿದ್ರಿ?”

“ಇಸಾಕ, ನಾ ಏನೂ ತಗಸಿಲ್ಲೋ. ನೆಟ್ಟಿನಾಗ ಇದ್ದದ್ದನ್ನ ಹಾಕ್ಯಾರ.”

“ನೆಟ್ಟಿನಾಗ ನನ್ನ ಹೆಸರ ಐತ್ರಿ. ನನ್ನ ಮಗಳು ಎರಡ ಸಲ ಓದಿ ಹೇಳ್ಯಾಳ. ಆಕಿ ಸುಳ್ಳ ಓದಾಕಿ ಅಲ್ಲ.”

ಸಾವಕಾರರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಎಲ್ಲ ತಿಳಿಯಿತೆಂದೇ ನನ್ನ ಎಣಿಕೆ — ಏಕೆಂದರೆ ಅಬ್ಬಾ ಕಡೆ ತಿರುಗಿ, “ಹಂಗಾದ್ರ ನಂದ ತಪ್ಪ ಅಂತ ತಿಳ್ಕೋ, ಇಸಾಕ” ಎಂದರು. ನನ್ನ ಮರ್ಯಾದೆ ಉಳಿಸಲು ತಮ್ಮ ಜೀವಮಾನದ ಗೆಳೆತನವನ್ನೇ ಒತ್ತೆಯಿಟ್ಟರು.

ಅಬ್ಬಾ ಕುರ್ಚಿಯ ಮೇಲೆ ಸಂಚಿಕೆಯನ್ನಿಟ್ಟು ಹೊರಬಂದರು. ಸಾವಕಾರರ ಕಾರು ಹತ್ತಲಿಲ್ಲ. ಹೆದ್ದಾರಿಯ ಬದಿಯಲ್ಲಿ ನಿಂತು ಬಸ್ಸಿಗೆ ಕೈಮಾಡಿದರು. ದಾರಿಯುದ್ದಕ್ಕೂ ಅವರದು ಒಂದೇ ಮಾತು — ಧೂಳಿನೊಳಗೆ ನನ್ನ ಧ್ವನಿಯನ್ನು ನಂಬಿದ ಮನುಷ್ಯ, ಬೆಳಕಿನಲ್ಲಿ ನನಗೆ ಹೀಗೆ ಮಾಡಬಹುದೇ ಎಂದು. ಮೋಸ ಹೋದವರ ಮುಖ ಹೇಗಿರುತ್ತದೆ ಎಂಬುದನ್ನು ನಾನು ಗೋಕಾಕದವರೆಗೂ ಪಕ್ಕದ ಸೀಟಿನಲ್ಲಿ ಕುಳಿತು ನೋಡಿದೆ. ಮೋಸ ಮಾಡಿದವಳ ಹೆಗಲಿಗೇ ಅವರು ತಲೆಯಾನಿಸಿದ್ದರು.

ನಾಲ್ಕು ತಿಂಗಳು ಹೀಗೆಯೇ ಕಳೆದವು. ಸಾವಕಾರರ ಫೋನ್ ಬಂದರೆ ಅಬ್ಬಾ ಎತ್ತುತ್ತಿರಲಿಲ್ಲ. ಅವರ ವಾಹನ ಗ್ಯಾರೇಜಿಗೆ ಬಂದರೆ, ಪುರುಸೊತ್ತಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗ್ಯಾರೇಜಿಗೆ ಹೋಗಿ, ಲ್ಯಾಮಿನೇಶನ್ ಮಾಡಿಸಿದ ಆ ತುಣುಕನ್ನು ಅವರ ಕೈಗಿಟ್ಟು ಎಲ್ಲವನ್ನೂ ಹೇಳಿದೆ. ಬರೆದ ಮೂರು ಪದಗಳನ್ನೂ ಹೇಳಿದೆ, ಓದಿದ ಸಾಲನ್ನೂ ಹೇಳಿದೆ, ಏಕೆಂಬುದನ್ನೂ ಹೇಳಿದೆ. ಅಬ್ಬಾ ಬೈಯಲಿಲ್ಲ. ತುಣುಕನ್ನು ತಿರುಗಿಸಿ ನೋಡಿದರು.

“ನೀ ಎಡಕ್ಕ ಬಳೆ ಅಂದಿ, ನಾ ತಿರುವಿದ್ನಿ. ಅಲ್ಲಿ ದಾರಿನ ಇರಲಿಲ್ಲ” ಎಂದರು. ಆಮೇಲೆ, “ಸಾವಕಾರ್ಗ ನಾ ಏನ್ ಅಂದ್ನೆವಾ...” ಎಂದರು.

ಅಂದೇ ಚರ್ಚಾಪುಟದಲ್ಲಿ ನಾನು ಯಾರ ಮಗಳೆಂದು ಬರೆದೆ, ಆಧಾರ ಮೊದಲೇ ನನ್ನ ಬಳಿ ಇತ್ತೆಂದೂ ಬರೆದೆ. ನಿರ್ವಾಹಕಿಯ ಹೊಣೆ ಬಿಟ್ಟೆ. ಲೇಖನವನ್ನು ನಾನು ಮುಟ್ಟಲಿಲ್ಲ; ಉಳಿದವರು ಚರ್ಚಿಸಿ, ಗೆಲುವಿನ ಸಾಲಿನಲ್ಲಿ ಅಬ್ಬಾ ಹೆಸರನ್ನು ಮರಳಿ ಸೇರಿಸಿದರು. ಸಹಚಾಲಕ ಪ್ರಶಸ್ತಿಯನ್ನು ಸೇರಿಸಲಿಲ್ಲ. ಅದು ಸರಿಯಾದ ತೀರ್ಮಾನ. ಇಷ್ಟೇ ಆಗಬೇಕಾದದ್ದು — ಮೊದಲ ದಿನವೇ ಆಗಬಹುದಾಗಿದ್ದದ್ದು.

ಅಬ್ಬಾ ಹುಕ್ಕೇರಿಗೆ ಹೋಗಿ, ನಾನು ಮಾಡಿದ ತಪ್ಪಿಗೆ ತಾವು ಕ್ಷಮೆ ಕೇಳಿ ಬಂದರು. ನಾನೂ ಹೋಗಿದ್ದೆ. ಸಾವಕಾರರು ಚಹಾ ಕೊಟ್ಟರು, ಇಬ್ಬರನ್ನೂ ಬಾಗಿಲವರೆಗೆ ಬಂದು ಕಳಿಸಿದರು. ಈಗ ಹಬ್ಬಕ್ಕೆ ಫೋನಿನಲ್ಲಿ ಮಾತಾಡುತ್ತಾರೆ. ಅವರ ವಾಹನಗಳು ಮಾತ್ರ ಬೇರೆ ಗ್ಯಾರೇಜಿಗೆ ಹೋಗುತ್ತವೆ. ಬಾಷಾ ಮಾಮಾ ನಮ್ಮ ಮನೆಯಲ್ಲಿ ಆ ಸತ್ಕಾರದ ಸುದ್ದಿ ಎತ್ತುವುದಿಲ್ಲ.

ಮನೆಗೆ ಬಂದ ಕಾಗದಪತ್ರಗಳನ್ನು ಅಬ್ಬಾ ಈಗಲೂ ನನ್ನಿಂದಲೇ ಓದಿಸುತ್ತಾರೆ. ನಾನು ಓದುತ್ತೇನೆ, ಅವರು ತಲೆಯಾಡಿಸುತ್ತಾರೆ. ಆಮೇಲೆ ಅದೇ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಪಕ್ಕದ ಔಷಧಿ ಅಂಗಡಿಗೆ ಹೋಗಿ, ಅಲ್ಲಿ ಇನ್ನೊಮ್ಮೆ ಓದಿಸಿಕೊಂಡು ಬರುತ್ತಾರೆ.