ವೈರಕ್ಕ ಹುಡುಕಿದ ಮೂವತ್ಮೂರನೆಯ ಯಂತ್ರ

ನಮ್ಮ ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕನಿಗೆ ನಾವಿಟ್ಟ ಹೆಸರು ವೈರಕ್ಕ. ಹೆಗಲ ಮೇಲೆ ಸದಾ ಒಂದು ಸುರುಳಿ ಕೇಬಲ್. ನಮ್ಮ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಲಿನಕ್ಸ್‌ಗೆ ಸಿದ್ಧ ತಂತ್ರಾಂಶ ಹಾಕುವುದೆಂದರೆ ಅವಳಿಗೆ ಮೈಯೆಲ್ಲ ಉರಿ. ತಂತ್ರಾಂಶದ ಮೂಲ ಬರಹವಾದ ಸೋರ್ಸ್ ಕೋಡ್ ತರಬೇಕು, ನಮ್ಮ ಯಂತ್ರದಲ್ಲೇ ಕಟ್ಟಬೇಕು. "ರೆಡಿಮೇಡ್ ಹಾಕ್ಕೊಂಡ್ರೆ ಅದರ ಹೊಟ್ಟೇಲಿ ಏನಿದೆ ಅಂತ ನಿಂಗೇನೇ ಗೊತ್ತು?" ಎಂದು ಪಕ್ಕದ ಮೇಜಿನಲ್ಲಿ ಪುಸ್ತಕಪಟ್ಟಿ ಬರೆಯುತ್ತಿದ್ದ ನನಗೆ ಬೈಯುತ್ತಿದ್ದಳು, ನಾನೇ ಹಾಕಿದವಳ ಹಾಗೆ.

ಒಂದು ವರ್ಷ ನೆಟ್‌ವರ್ಕ್ ದಿನಾ ಮಧ್ಯಾಹ್ನ ಆಮೆಗತಿ ಹಿಡಿಯತೊಡಗಿತು. ಶನಿವಾರದೊಳಗೆ ಕಾರಣ ಸಿಗದಿದ್ದರೆ ಕಂಪ್ಯೂಟರುಗಳ ಕೆಲಸ ಹೊರಗಿನ ಕಂಪನಿಗೆ, ವೈರಕ್ಕ ಪತ್ರಿಕೆ ವಿಭಾಗಕ್ಕೆ ಎಂದು ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅವಳ ನಿವೃತ್ತಿಗೆ ಇನ್ನು ಎರಡೇ ವರ್ಷ.

ಯಂತ್ರಗಳನ್ನು ಹುಡುಕಿ ಎಣಿಸಲು ಇದ್ದ ಸ್ಕ್ಯಾನರ್ ತಂತ್ರಾಂಶ ನೆಟ್‌ವರ್ಕಿನಲ್ಲಿ ಮೂವತ್ತೆರಡು ಯಂತ್ರ ತೋರಿಸುತ್ತಿತ್ತು, ಲೆಕ್ಕ ಸರಿಯಿತ್ತು. ಈ ಹಳೆಯದು ಕರೆದರೆ ಓಗೊಟ್ಟವರನ್ನು ಮಾತ್ರ ಎಣಿಸುತ್ತದೆ, ಹೊಸ ಆವೃತ್ತಿ ಬಾಯಿ ಮುಚ್ಚಿ ಕೂತವರನ್ನೂ ಹಿಡಿಯುತ್ತದೆ ಎಂದು ವೈರಕ್ಕ ಹೊಸದರ ಸೋರ್ಸ್ ಇಳಿಸಿದಳು. ಕನ್ಫಿಗರ್ ಎಂದು ಆದೇಶ ಕೊಟ್ಟಳು, ಕೋಡನ್ನು ತಂತ್ರಾಂಶವಾಗಿಸುವ ಕಂಪೈಲರ್ ಹೊಸದು ಬೇಕು ಎಂದಿತು ಯಂತ್ರ. ಅದನ್ನೂ ಹಾಕಿ ಮೇಕ್ ಎಂದಳು, ಕಟ್ಟುವ ಕೆಲಸ ಶುರುವಾಯಿತು. ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇದ್ದವು. ಚಹಾ ಕುಡಿದೆವು, ಮುಖ್ಯಸ್ಥರನ್ನು ಆಡಿಕೊಂಡೆವು, ಇನ್ನೊಂದು ಚಹಾ ಕುಡಿದೆವು. ಅಂಥ ನಿಧಾನದ ಮಧ್ಯಾಹ್ನಗಳು ಈಗೆಲ್ಲಿವೆ? ಕೊನೆಗೆ ಮೇಕ್ ಇನ್‌ಸ್ಟಾಲ್ ಎಂದು ಕಟ್ಟಿದ್ದನ್ನು ಯಂತ್ರದಲ್ಲಿ ಕೂರಿಸಿದಳು. ಓಡಿಸಿ ನೋಡಿದರೆ ಮತ್ತೆ ಮೂವತ್ತೆರಡೇ!

ಎರಡು ದಿನ ಕಂಡಕಂಡ ವೈರು ಕಿತ್ತು ನೋಡಿದಳು. ಶನಿವಾರ ಬೆಳಿಗ್ಗೆ ನಾನು ಸುಮ್ಮನೆ ಅವಳ ಪರದೆಯತ್ತ ಬಗ್ಗಿ, "ಅಕ್ಕಾ, ನೀನು ತಂದಿದ್ದು ಆರನೇ ಆವೃತ್ತಿ ಅಲ್ವಾ? ಇಲ್ಲಿ ನಾಲ್ಕು ಅಂತಿದೆಯಲ್ಲ," ಎಂದೆ.

ವೈರಕ್ಕ ಹಣೆ ಚಚ್ಚಿಕೊಂಡಳು. ಕಟ್ಟಿದ ಹೊಸದು ಬೇರೊಂದು ಫೋಲ್ಡರಿನಲ್ಲಿ ಕೂತಿತ್ತು. ಹೆಸರು ಹಿಡಿದು ಕರೆದಾಗಲೆಲ್ಲ ಹಳೆಯದೇ ಓಡಿ ಬರುತ್ತಿತ್ತು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ನಲ್ಲೇ!" ಎನ್ನುತ್ತ ಹಳೆಯದನ್ನು ತೆಗೆದುಹಾಕಿ ಮತ್ತೆ ಓಡಿಸಿದಳು. ಮೂವತ್ಮೂರು.

ಆ ಹೆಚ್ಚಿನ ಯಂತ್ರ ಓದುವ ಕೋಣೆಯ ಕಪಾಟಿನ ಹಿಂದೆ ಸಿಕ್ಕಿತು, ಮೈತುಂಬ ಧೂಳು. ಪುಸ್ತಕಪಟ್ಟಿಯ ನಕಲು ಇಟ್ಟುಕೊಳ್ಳಲೆಂದು ಒಂಬತ್ತು ವರ್ಷದ ಹಿಂದೆ ವೈರಕ್ಕನೇ ಜೋಡಿಸಿ, ಮರೆತದ್ದು. ಈಗ ಅದರ ಡಿಸ್ಕ್ ತುಂಬಿತ್ತು; ಮುಗಿಯದ ನಕಲನ್ನು ದಿನಾ ಮಧ್ಯಾಹ್ನ ಮೊದಲಿನಿಂದ ಶುರು ಮಾಡಿ ನೆಟ್‌ವರ್ಕನ್ನೆಲ್ಲ ತಾನೇ ನುಂಗುತ್ತಿತ್ತು.

ಕೋಣೆಯಲ್ಲಿ ನಾವಿಬ್ಬರೇ. "ಯಾರಿಗೂ ಹೇಳ್ಬೇಡ ಅಕ್ಕಾ, ಯಾವುದೋ ಕೇಬಲ್ ಕೆಟ್ಟಿತ್ತು ಅಂದ್ಬಿಡು," ಎಂದು ಗೋಗರೆದೆ.

"ಕಟ್ಟಿದ್ದು ನಾನು ಕಣೇ. ಈಗ ನಂದಲ್ಲ ಅನ್ಲಾ?"

ಧೂಳನ್ನು ಅಂಗೈಯಿಂದಲೇ ಒರೆಸಿ, ಯಂತ್ರವನ್ನು ಎತ್ತಿಕೊಂಡು ನೇರ ಮುಖ್ಯಸ್ಥರ ಕೋಣೆಗೆ ಹೋದಳು.

ಕಾರಣವೇನೋ ಸಿಕ್ಕಿತ್ತು, ಆದರೆ ಕಾರಣ ಅವಳೇ ಆಗಿದ್ದಳು. ಸೋಮವಾರ ಹೊರಗಿನ ಕಂಪನಿಯವರು ಬಂದರು. ವೈರಕ್ಕ ಕೊನೆಯ ಎರಡು ವರ್ಷ ಕೆಳಮಹಡಿಯಲ್ಲಿ ದಿನಪತ್ರಿಕೆ ಜೋಡಿಸಿದಳು, ಗೊಣಗದೆ. ಎಲ್ಲರೂ ಅವಳ ಪ್ರಾಮಾಣಿಕತೆಯನ್ನು ಹೊಗಳುತ್ತಾರೆ. ನನಗೆ ಮಾತ್ರ ಅವಳ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಒಂದೇ ಒಂದು ಸುಳ್ಳು ಹೇಳಿದ್ದರೆ ಆ ಎರಡು ವರ್ಷವೂ ನನ್ನ ಪಕ್ಕದ ಮೇಜಿನಲ್ಲೇ ಇರುತ್ತಿದ್ದಳು.