ನಾಲ್ಕನೆಯ ಮೆಷಿನ್

೧೯೮೪ರಲ್ಲಿ ನಾನು ಮಣಿಪಾಲದ ಒಂದು ಸೇವಾಸಂಸ್ಥೆಯಲ್ಲಿ ಮೌಲ್ಯಮಾಪನ ಅಧಿಕಾರಿ. ಹೆಸರು ದೊಡ್ಡದು, ಕೆಲಸವೆಂದರೆ ಉಡುಪಿ, ಕಾಪು, ಕಾರ್ಕಳ ಪೇಟೆಗಳ ಬಡ ಕಾಲನಿಗಳಿಗೆ ಬಸ್ಸಿನಲ್ಲಿ ಹೋಗಿ, ನಾವು ಕೊಟ್ಟ ಸಣ್ಣ ಅನುದಾನ ಜನರ ಉಪಯೋಗಕ್ಕೆ ಬಂದಿದೆಯೇ ಎಂದು ವರದಿ ಬರೆಯುವುದು. ವಸ್ತುವನ್ನು ಕಣ್ಣಾರೆ ಕಂಡು ನಂಬರು ತಾಳೆ ನೋಡುವುದಕ್ಕೆ ‘ಫಿಸಿಕಲ್ ವೆರಿಫಿಕೇಶನ್’ ಎನ್ನುತ್ತಿದ್ದೆವು. ಆ ವಿಷಯದಲ್ಲಿ ನಾನು ಶುದ್ಧ ಹಟಮಾರಿ.

ಕಾಪುವಿನ ಒಂದು ಕಾಲನಿಯಲ್ಲಿ ಮೀನು ಮಾರುವ ಮನೆಗಳ ಮತ್ತು ಬ್ಯಾರಿ ಮುಸಲ್ಮಾನರ ಮನೆಗಳ ಹೆಂಗಸರು ಸೇರಿ ಹೊಲಿಗೆ ಕೇಂದ್ರ ನಡೆಸುತ್ತಿದ್ದರು. ನಾವು ಕೊಟ್ಟದ್ದು ನಾಲ್ಕು ಕೈಮೆಷಿನ್. ನನ್ನ ವರದಿ ಅನುಕೂಲವಾಗಿದ್ದರೆ ಇನ್ನೂ ನಾಲ್ಕು ಬರುವುದಿತ್ತು. ಇಲ್ಲವಾದರೆ ಇದ್ದವನ್ನೂ ಹಿಂದಕ್ಕೆ ತರಬೇಕು. ನಾನು ಹೋದ ದಿನ ಅಲ್ಲಿದ್ದದ್ದು ಮೂರೇ.

ನಾಲ್ಕನೆಯದು ಎಲ್ಲಿ ಎಂದರೆ ಎಲ್ಲರೂ ನೆಲ ನೋಡಿದರು. ಕೇಂದ್ರದ ಮುಖ್ಯಸ್ಥೆ ಆಯಿಸಮ್ಮ, ಅದು ಇಲ್ಲೇ ಹಿಂಬದಿಯ ಮನೆಯಲ್ಲಿದೆ, ಆದರೆ ನೀವು ಅಲ್ಲಿಗೆ ಹೋಗುವ ಹಾಗಿಲ್ಲ ಎಂದಷ್ಟೇ ಹೇಳಿದರು. ಇಂಥ ನೆಪಗಳನ್ನು ನಾನು ಎಷ್ಟು ಕೇಳಿಲ್ಲ! ಅಂಗಳದಲ್ಲೇ ನಿಂತು, “ಹಾಗಾದರೆ ಕಳವು ಎಂದು ಬರೆಯುತ್ತೇನೆ” ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಶಾಯಿಯಲ್ಲಿ ಬರೆದೂ ಬಿಟ್ಟೆ.

ಆಗಷ್ಟೇ ಖಾಲಿ ಮೀನುಬುಟ್ಟಿ ಇಳಿಸಿ ಬಂದಿದ್ದ ಸದಸ್ಯೆ ಕುಸುಮಕ್ಕನಿಗೆ ತಡೆಯಲಾಗಲಿಲ್ಲ.

“ಎಂತ ಕಳವು ಮಾರಾಯ್ರೆ? ನಫೀಸಾನ ಗಂಡ ತೀರಿಹೋಗಿ ಎರಡು ತಿಂಗಳು ಆಯಿತಷ್ಟೆ. ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಹೊರಗೆ ಬರಬಾರದು, ಹೊರಗಿನ ಗಂಡಸರಿಗೆ ಕಾಣಬಾರದು. ಆದರೆ ಹೊಟ್ಟೆ ಉಂಟಲ್ವಾ? ನಾವೇ ಮೆಷಿನ್ ಹೊತ್ತುಕೊಂಡು ಹೋಗಿ ಕೊಟ್ಟದ್ದು.”

ಶೋಕದಲ್ಲಿರುವವಳ ಸುದ್ದಿಯನ್ನು ಪರಗಂಡಸಿನ ಎದುರು ಎತ್ತಬಾರದೆಂದು ಉಳಿದವರು ಸುಮ್ಮನಿದ್ದರಂತೆ. ನನಗೆ ನಾಚಿಕೆಯಾಯಿತು. ಆದರೂ ವರದಿಗೆ ನಂಬರು ಬೇಕು. ನಾನು ಒಳಗೆ ಹೋಗುವಂತಿಲ್ಲ, ಅಲ್ಲಿ ಹಲಗೆಗೆ ಬಿಗಿದ ಮೆಷಿನ್ನನ್ನು ಹೊರಗೆ ತರುವಂತಿಲ್ಲ, ಬೇರೆಯವರು ಓದಿ ಹೇಳಿದ್ದು ನಡೆಯುವುದಿಲ್ಲ. ಕುಸುಮಕ್ಕ ನನ್ನ ಪೆನ್ಸಿಲನ್ನೂ ಒಂದು ತೆಳು ಹಾಳೆಯನ್ನೂ ಇಸಿದುಕೊಂಡು ಒಳಗೆ ಹೋದರು. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುವ ಹಾಗೆ ಮೆಷಿನ್ನಿನ ಉಬ್ಬು ನಂಬರನ್ನು ಉಜ್ಜಿ ತಂದರು. ಮೀನಿನ ವಾಸನೆಯ ಆ ಹಾಳೆಯಲ್ಲಿ ಒಂದೊಂದು ಅಂಕಿಯೂ ತಾಳೆಯಾಯಿತು. ‘ಕಳವು’ ಎಂಬುದನ್ನು ಹೊಡೆದುಹಾಕಿ, ಹಾಳೆಯನ್ನು ವರದಿಗೆ ಲಗತ್ತಿಸಿದೆ. ಮೇಲಿನವರು ಗೊಣಗುತ್ತಲೇ ಒಪ್ಪಿದರು.

ಕೆಲವು ತಿಂಗಳ ನಂತರ ಹೊಸ ಮೆಷಿನ್ನುಗಳೊಂದಿಗೆ ಅಲ್ಲಿಗೆ ಹೋದಾಗ ನನಗೆ ಹೆಮ್ಮೆಯೇ ಇತ್ತು. ಹೊಲಿಯುತ್ತಿದ್ದ ಒಬ್ಬ ತೆಳ್ಳಗಿನ ಹೆಂಗಸು ಎದ್ದು ನಿಂತಳು. ಇವಳೇ ನಫೀಸಾ ಎಂದರು ಆಯಿಸಮ್ಮ.

“ನಮ್ಮ ಗೋಡೆ ತೆಳು, ಸಾರ್,” ಎಂದಳು ಅವಳು. “ಕಳವು ಎಂದು ನೀವು ಹೇಳಿದ್ದು ಒಳಗೆ ಕೇಳಿತು. ಮೆಷಿನ್ ಮನೆಗೆ ಬಂದ ಮೇಲೆ ನಾನು ಅಳುತ್ತಲೂ ಹೊಲಿದವಳು. ಅಂದು ಮಾತ್ರ ಕೈ ಓಡಲಿಲ್ಲ.”

ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿ ಕೆಲಸಕ್ಕೆ ಕುಳಿತಳು.

ಹೊಡೆದುಹಾಕಿದ ಮಾತು ಕಾಗದದಿಂದ ಮಾತ್ರ ಹೋಗುತ್ತದೆ. ಆಮೇಲೆ ನಿವೃತ್ತಿಯವರೆಗೂ, ಇರಬೇಕಾದ ವಸ್ತು ಕಾಣದಿದ್ದಾಗ, ಅದು ಯಾರಿಗೆ ಬೇಕಾಯಿತು ಎಂದು ಮೊದಲು ಕೇಳುತ್ತಿದ್ದೆ. ಕೇಳುವುದು ಮೆತ್ತಗೆ, ಬರೆಯುವುದು ಪೆನ್ಸಿಲಿನಲ್ಲಿ.