ಹಿಂದಿ ಕಾಗದದ ಮೇಲೆ ಅತ್ತಿಗೆಯ ಕನ್ನಡ ಸಹಿ

ಮೊಮ್ಮಗಳ ಅರ್ಜಿಗೆ ಸಹಿ ಹಾಕಿದವನು ನಾನೇ. ಕಾಶಿಯ ಹನುಮಾನ್ ಘಾಟಿನಲ್ಲಿ ಯಾರು ಏನೇ ಅನ್ನಲಿ, ಹಾಕಿದ್ದನ್ನು ಅಳಿಸುವವನಲ್ಲ.

ಅವಳು ನನ್ನ ತೀರಿಹೋದ ಅಣ್ಣನ ಮಗನ ಮಗಳು. ಇಲ್ಲೇ ಲಂಕಾ ಬಡಾವಣೆಯ ಕೋಚಿಂಗಿನಲ್ಲಿ ಓದಿ, ಬಿ.ಎ. ಜೊತೆಗೆ ಕಾನೂನು ಪದವಿಯೂ ಸಿಗುವ ಐದು ವರ್ಷದ ಕೋರ್ಸಿಗೆ ಆಯ್ಕೆಯಾಗಿದ್ದಳು. ಬರೀ ಬಿ.ಎ.ಗೂ ಸೀಟಿತ್ತು. ಆರಿಸಲು ಮೂರು ದಿನ ಉಳಿದಿತ್ತು. ಅವಳ ಅಪ್ಪ ಅರ್ಜಿಯನ್ನು ನನ್ನ ಮುಂದೆ ಸರಿಸಿ, "ನೀವು ಹೇಳಿದಂಗೆ, ಚಿಕ್ಕಪ್ಪ" ಎಂದ.

"ಕೋರ್ಟು ಕಚೇರಿ ನಮ್ಮಂಥವರಿಗೆ ಯಾಕಮ್ಮ? ಬಿ.ಎ. ಸಾಕು" ಎಂದೆ.

"ನೀವು ಹೈಸ್ಕೂಲಿಗೇ ನಿಲ್ಲಿಸಿದ್ರಿ ಅಂತ ನಾನೂ ಅರ್ಧಕ್ಕೇ ನಿಲ್ಲಬೇಕಾ, ಅಜ್ಜ? ಬತಾಯಿಯೇ ನಾ." ಸಿಟ್ಟು ಬಂದರೆ ಅವಳ ಕನ್ನಡ ಹಿಂದಿಗೆ ಹೊರಳುತ್ತದೆ.

ಅವಳ ಅಜ್ಜಿ, ಅಂದರೆ ನನ್ನ ಅತ್ತಿಗೆ, ಅಡುಗೆಮನೆಯಿಂದಲೇ ನಕ್ಕರು. "ನಿಮ್ಮಜ್ಜನಿಗೆ ವಕೀಲರನ್ನ ಕಂಡ್ರೆ ಭಯ ಕಣೇ."

ತಮಾಷೆಗೆ ಅಂದದ್ದು. ಆದರೆ ಅದೇ ನಿಜವಾಗಿತ್ತು.

ನಮ್ಮ ಪೌರೋಹಿತ್ಯದಲ್ಲಿ ಯಾತ್ರಿಕರ ವಂಶಾವಳಿ ಬರೆದಿಡುವ ಉದ್ದನೆಯ ಪುಸ್ತಕಕ್ಕೆ ಬಹಿ ಎನ್ನುತ್ತಾರೆ. ಒಂದು ಊರಿನ ಬಹಿ ಯಾರಲ್ಲಿದೆಯೋ, ಆ ಊರಿನವರಿಗೆ ಪಿಂಡ ಹಾಕಿಸುವ ಹಕ್ಕು ಅವರದು. ಹೆಂಗಸರು ಬಹಿ ಇಟ್ಟುಕೊಳ್ಳುವ ರೂಢಿಯಿಲ್ಲ. ಅಣ್ಣ ಹೋದಾಗ ಅವನ ಮಗನಿಗೆ ನಾಲ್ಕು ವರ್ಷ. ಬಹಿಯನ್ನು ನಾನು ಕಾಪಾಡಿ, ಅವನ ಉಪನಯನದ ದಿನ ಕೈಗಿಡಬೇಕಿತ್ತು. ನಾನು ಹಿಂದಿಯಲ್ಲಿ ಒಂದು ಕಾಗದ ಬರೆಸಿದೆ. "ಮರಣದ ದಾಖಲೆಗೆ ಬೇಕು, ಅತ್ತಿಗೆ" ಎಂದೆ. ಕನ್ನಡನಾಡಿನಿಂದ ಮದುವೆಯಾಗಿ ಬಂದಿದ್ದ ಅವರಿಗೆ ಆಗಿನ್ನೂ ಕನ್ನಡ ಬಿಟ್ಟು ಬೇರೆ ಅಕ್ಷರ ತಿಳಿಯುತ್ತಿರಲಿಲ್ಲ. ದುಂಡಗೆ ಕನ್ನಡದಲ್ಲಿ ಸಹಿ ಮಾಡಿದರು. ಅಣ್ಣನ ಬಹಿಯನ್ನು ನನಗೇ ಬಿಟ್ಟುಕೊಟ್ಟ ಪತ್ರ ಅದು. ಅವರ ಮಗ ದೊಡ್ಡವನಾದ ಮೇಲೂ ನನ್ನ ಕೈಕೆಳಗೆ ದರ್ಭೆ ಜೋಡಿಸಿಕೊಡುತ್ತಿದ್ದ.

ಅವಳು ವಕೀಲೆಯಾದರೆ ಇದು ಹೊರಬೀಳುತ್ತದೆಂದೇ ನನ್ನ ಭಯ; ಅದಕ್ಕಾಗಿ ಅವಳ ಓದನ್ನೂ ಕಸಿಯಲು ಮನಸ್ಸಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆ ಕಾಗದವನ್ನು ಎಲ್ಲರೆದುರು ಮೊಮ್ಮಗಳ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿ, ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಅವಳ ಅಪ್ಪ ಎದ್ದು ಹೊರಗೆ ಹೋದ. ಅತ್ತಿಗೆ ತಮ್ಮ ಸಹಿಯ ಮೇಲೆ ಬೆರಳಿಟ್ಟು, "ಅವತ್ತು ನಿಮಗೆ ಊಟ ಬಡಿಸಿ ಆಮೇಲೆ ಈ ಸಹಿ ಮಾಡಿದ್ದೆ" ಎಂದರು.

"ಇದು ಕೋರ್ಟಿನಲ್ಲಿ ನಿಲ್ಲತ್ತಾ?" ಎಂದು ಮೊಮ್ಮಗಳನ್ನು ಕೇಳಿದೆ.

"ನನಗೇನು ಗೊತ್ತು? ಇನ್ನೂ ಓದೇ ಇಲ್ಲವಲ್ಲ."

"ಹಾಗಾದ್ರೆ ಓದು" ಎಂದು ಅರ್ಜಿಗೆ ಸಹಿ ಹಾಕಿದೆ. ಅವಳು ಎರಡು ಪದವಿಯ ಕೋರ್ಸನ್ನೇ ಆರಿಸಿದಳು.

ಬಹಿ ಈಗ ಅಣ್ಣನ ಮಗನ ಬಳಿಯಿದೆ. ಅತ್ತಿಗೆ ನನಗೆ ಬಡಿಸುವುದನ್ನು ಬಿಟ್ಟಿದ್ದಾರೆ; ನಾನೇ ಹಾಕಿಕೊಂಡು ಉಣ್ಣುತ್ತೇನೆ, ಅದು ನ್ಯಾಯವೇ. ಘಾಟಿನ ಪುರೋಹಿತರೊಬ್ಬರು ಮೊನ್ನೆ ತಡೆದು ಕೇಳಿದರು: "ಮನೇಲೇ ವಕೀಲೆಯನ್ನ ಸಾಕ್ತಿದ್ದೀರಲ್ಲ, ನಾಳೆ ನಮ್ಮ ಬಹಿಗಳ ಮೇಲೂ ಕೇಸು ಹಾಕಿದ್ರೆ?"

"ಸರದಿಯಲ್ಲಿ ನಿಲ್ಲಿ. ಮೊದಲನೇ ಕೇಸು ನನ್ನ ಮೇಲಿನದು" ಎಂದೆ.